ಮೇಲೆ ಖಾಲಿ, ಕೆಳಗೆ ಭರ್ತಿ

ಗಾಡಿ ಓಡಿಸುವವನಿಗೆ ಟಯರಿನ ಚಿಂತೆ ಇರಬೇಕು, ಬ್ರೇಕಿನ ಚಿಂತೆ ಇರಬೇಕು, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರಿನ ಚಿಂತೆ ಇರಬೇಕು. ನನಗಿರುವುದು ನೀರಿನ ಚಿಂತೆ. ಅರ್ಧ ದಿನ ನೀರು ಮುಗಿದೀತು ಎಂದು ಹೆದರುತ್ತೇನೆ, ಉಳಿದರ್ಧ ದಿನ ನೀರು ತುಂಬೀತು ಎಂದು ಹೆದರುತ್ತೇನೆ. ಹೀಗೆ ಎರಡೂ ಕಡೆಯಿಂದ ಹೆದರುವವನಿಗೆ ಫಜೀತಿಗಳೇನು ಕಡಿಮೆಯೆ? ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಹಾಜರಾಗಿರುತ್ತದೆ.

ಮೊದಲು ನಾನು ಇಳಕಲ್ಲಿನಲ್ಲಿ ಗ್ರಾನೈಟ್ ಲಾರಿ ಓಡಿಸುತ್ತಿದ್ದೆ. ಕಲ್ಲು ಬಹಳ ಒಳ್ಳೆಯ ಪ್ರಯಾಣಿಕ. ಕುಡಿಯಲು ನೀರು ಕೇಳುವುದಿಲ್ಲ, ಗಾಡಿ ನಿಲ್ಲಿಸು ಎಂದು ಕಿರುಬೆರಳು ತೋರಿಸುವುದಿಲ್ಲ. ಆದರೆ ಲಾರಿ ಹತ್ತಿದವನು ಮನೆ ಬಿಟ್ಟವನೇ. ಹಬ್ಬದ ಹೋಳಿಗೆಯನ್ನು ಹೆಂಡತಿ ಡಬ್ಬಿಯಲ್ಲಿಟ್ಟು ಕಾಯುವುದು, ನಾನು ಬರುವಷ್ಟರಲ್ಲಿ ಅದು ಹಪ್ಪಳವಾಗಿರುವುದು, ಹೀಗೆಯೇ ವರ್ಷಗಳು ಕಳೆದವು.

ಆಗ ನಮ್ಮೂರಿನ ಸಾಹುಕಾರರೊಬ್ಬರು ಹೊಸ ನಮೂನೆಯ ಗಾಡಿ ತಂದರು. ಅವರದು ಸೀರೆಯ ದೊಡ್ಡ ಅಂಗಡಿ. ವಯಸ್ಸಾದ ಅವ್ವನಿಗೆ ನಾಲ್ಕು ಊರು ತೋರಿಸಬೇಕೆಂದು ಅವರ ಆಸೆ. ಅವ್ವನದು ಒಂದೇ ಹಟ: "ಲಾಡ್ಜಿನಾಗ ಒಲಿ ಎಲ್ಲೈತಿ, ಪೂಜಿ ಎಲ್ಲಿ ಮಾಡ್ಲಿ? ನಾ ರಾತ್ರಿ ವಸ್ತಿ ಬರಂಗಿಲ್ಲ." ಅದಕ್ಕೆಂದೇ ಒಳಗೆ ಹಾಸಿಗೆ, ಒಲೆ, ಪೂಜೆಗೊಂದು ಮೂಲೆ, ಬಚ್ಚಲು, ಸಂಡಾಸು ಎಲ್ಲ ಇರುವ ಗಾಡಿಯನ್ನು ಮಾಡಿಸಿದರು. ಊರಿನವರು ಅದಕ್ಕೆ ಮನಿ ಗಾಡಿ ಎಂದು ಹೆಸರಿಟ್ಟರು. ಅವ್ವ ಬಂದು ಒಳಹೊಕ್ಕು, ಕಪಾಟು ತೆಗೆದು ಮುಚ್ಚಿ, ಬಚ್ಚಲನ್ನು ಬಗ್ಗಿ ನೋಡಿ, "ಚಲೋ ಐತಿ. ಆದ್ರ ಈಗ ಬ್ಯಾಡ. ಮೊದಲ ನಾಲ್ಕು ಮಂದಿ ಹೋಗಿ ಬರ್ಲಿ, ಆಮ್ಯಾಲ ನೋಡೂಣು" ಎಂದುಬಿಟ್ಟರು. ಆ ನಾಲ್ಕು ಮಂದಿ ಹೋಗಿ ಬರಲಿ ಎಂದು ಸಾಹುಕಾರರು ಗಾಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರು. ನಾನು ಡ್ರೈವರ್, ನನ್ನ ಹೆಂಡತಿ ಅಡುಗೆಯವಳು.

ಲಗ್ನವಾಗಿ ಎಷ್ಟೋ ವರ್ಷಗಳಾಗಿದ್ದರೂ ನಾವಿಬ್ಬರೂ ಮಧ್ಯಾಹ್ನದ ಊಟವನ್ನು ದಿನಾ ಒಟ್ಟಿಗೆ ಮಾಡತೊಡಗಿದ್ದು ಈ ಗಾಡಿ ಬಂದ ಮೇಲೆಯೇ. ಮೊದಲ ದಿನ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತು, ಗಾಡಿಯ ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡಾಗ ನನಗಾದ ಸಂತೋಷವನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಸಂತೋಷಕ್ಕೆ ಒಂದು ಷರತ್ತಿತ್ತು. ಕೀಲಿ ಕೊಡುವಾಗ ಸಾಹುಕಾರರು ಹೇಳಿದರು: "ನೋಡು, ಈ ಗಾಡ್ಯಾಗ ಒಮ್ಮೆ ಏನರ ಹೊಲಸು ನೀರು ಉಕ್ಕಿತೋ, ಅವ್ವ ಜನ್ಮದಾಗ ಇದನ್ನ ಹತ್ತಂಗಿಲ್ಲ. ಆಕಿ ಹತ್ತಲಿಲ್ಲ ಅಂದ್ರ ನನಗಿದು ಯಾಕ ಬೇಕು? ಬಚ್ಚಲಾ, ಸಂಡಾಸಾ ಎಲ್ಲಾ ಕಿತ್ತು ಒಗದು ಸೀರಿ ಸಾಗಸೂ ಗಾಡಿ ಮಾಡ್ತೇನಿ. ನೀ ಮತ್ತ ಲಾರಿ ಹತ್ತು."

ಗಾಡಿಯಲ್ಲಿ ಟಾಕಿಗಳು ಮೂರು. ಒಂದು ಒಳ್ಳೆಯ ನೀರಿನದು. ಎರಡನೆಯದು, ಮೊದಲನೆಯದಕ್ಕಿಂತ ಸಣ್ಣದು, ಬಚ್ಚಲಿನಿಂದಲೂ ಅಡುಗೆ ಕಟ್ಟೆಯಿಂದಲೂ ಇಳಿದುಬರುವ ಬಳಸಿದ ನೀರಿನದು. ಮೂರನೆಯದು ಸಂಡಾಸಿನದು. ಮೊದಲನೆಯದರಿಂದ ಹೊರಟ ನೀರೆಲ್ಲ ಉಳಿದೆರಡಕ್ಕೇ ಹೋಗಿ ಸೇರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಯಾವ ಟಾಕಿ ಎಷ್ಟಿದೆ ಎಂದು ತೋರಿಸಲು ಬಾಗಿಲ ಪಕ್ಕದಲ್ಲಿ ಪುಟ್ಟ ದೀಪಗಳಿವೆ. ದೀಪ ಹಸಿರಿದ್ದರೆ ನನಗೆ ಹಸಿವೆಯಾಗುತ್ತದೆ, ಕೆಂಪಾದರೆ ಅನ್ನ ಸೇರುವುದಿಲ್ಲ. "ನಿಮಗ ಟಾಕಿಗಿಂತ ಮೊದಲ ತಲಿ ತುಂಬತೈತ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಕೈ ಎತ್ತಿದ ಪ್ರಾಧ್ಯಾಪಕರು

ಒಂದು ಭಾನುವಾರ ಬಾಗಲಕೋಟೆಯ ವಿದ್ಯಾಗಿರಿಯಿಂದ ನಾಲ್ವರು ಪ್ರಾಧ್ಯಾಪಕರು ಬಾದಾಮಿ ನೋಡಲು ಹೊರಟರು. ನಾಲ್ವರೂ ಮೃದು ಮಾತಿನ ಸಜ್ಜನರು. ಹೆಂಡತಿ ಬೆಳಿಗ್ಗೆಯೇ ಗಾಡಿಯೊಳಗೆ ಜೋಳದ ರೊಟ್ಟಿ ಬಡಿದು, ಹಿಟ್ಟು ನಾದಿದ ಪರಾತವನ್ನು ಕಟ್ಟೆಯ ಮೇಲೆಯೇ ತೊಳೆದಿದ್ದಳು. ಕೆರೂರು ದಾಟಿದ ಮೇಲೆ ದೀಪ ನೋಡುತ್ತೇನೆ, ಬಳಸಿದ ನೀರಿನ ಟಾಕಿ ಕೆಂಪು! ಹೊರಡುವಾಗ ನಾನೇ ಖಾಲಿ ಮಾಡಿದ್ದು. ಇಷ್ಟು ಬೇಗ ಹೇಗೆ ತುಂಬಿತು ಎಂದು ಯೋಚಿಸಬೇಕಿತ್ತು. ಹೆದರಿದವನು ಯೋಚಿಸುತ್ತಾನೆಯೆ? ಒಂದು ಹನಿಯೂ ಮೋರಿಗೆ ಬೀಳಬಾರದೆಂದು ನೀರಿನ ಪಂಪನ್ನೇ ಬಂದ್ ಮಾಡಿಬಿಟ್ಟೆ.

ಬಾದಾಮಿಯ ಹೊರಗೆ ಗಾಡಿ ನಿಲ್ಲಿಸಿ ಊಟಕ್ಕೆ ಕೂತರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮತ್ತಷ್ಟು ಎಣ್ಣೆ. ಉಂಡು ಎದ್ದ ಮೇಲೆ ಹಿರಿಯ ಪ್ರಾಧ್ಯಾಪಕರು ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ.

"ಸರ್, ದಯಮಾಡಿ ಯಾರೂ ಕೈ ತೊಳೀಬ್ಯಾಡ್ರಿ" ಎಂದೆ ನಾನು.

"ಯಾಕ್ರಿ, ನೀರಿಲ್ಲೇನು?"

"ನೀರು ಬೇಕಾದಷ್ಟು ಐತ್ರಿ. ಅದು ಹೋಗಾಕ ಜಾಗಾ ಇಲ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಜ್ಜನರಾದ್ದರಿಂದ ವಾದ ಮಾಡಲಿಲ್ಲ, ಕಾಗದದಲ್ಲಿ ಕೈ ಒರೆಸಿಕೊಂಡು ಗುಹೆಗಳತ್ತ ನಡೆದರು. ಎಣ್ಣೆಗಾಯಿ ಕಾಗದಕ್ಕೆ ಬಗ್ಗುವ ಪದಾರ್ಥವಲ್ಲ. ಮೆಟ್ಟಿಲ ಬಳಿ ಹೋಗುವಷ್ಟರಲ್ಲಿ ಬಾದಾಮಿಯ ಮಂಗಗಳಿಗೆ ಶೇಂಗಾ ಹಿಂಡಿಯ ವಾಸನೆ ತಲುಪಿತು. ಒಂದು ಬಂದು ಭೌತಶಾಸ್ತ್ರದವರ ಬೆರಳು ಮೂಸಿತು, ಇನ್ನೊಂದು ಇತಿಹಾಸದವರ ಕೈಯನ್ನೇ ಹಿಡಿದು ಎಳೆಯಿತು. ನಾಲ್ವರೂ ಎರಡೂ ಕೈ ಮೇಲೆತ್ತಿಕೊಂಡೇ ಮೆಟ್ಟಿಲು ಹತ್ತಿದರು, ಕೈ ಮೇಲೆತ್ತಿಕೊಂಡೇ ಶಿಲ್ಪಗಳನ್ನು ನೋಡಿದರು. ಯಾರೋ ಪುಣ್ಯಾತ್ಮರು ಅವರ ಒಂದು ಫೋಟೋವನ್ನೂ ತೆಗೆದುಕೊಟ್ಟರು.

ಸಂಜೆ ಟಾಕಿ ಖಾಲಿ ಮಾಡಲೆಂದು ಕೆಳಗಿನ ವಾಲ್ವ್ ತಿರುಗಿಸಿದೆ. ಒಂದು ಬಕೇಟೂ ಬರಲಿಲ್ಲ. ಆಗಿದ್ದೇನೆಂದರೆ, ಪರಾತ ತೊಳೆದ ಜೋಳದ ಹಿಟ್ಟಿನ ನೀರು ಗಂಜಿಯಾಗಿ, ನೀರಿನ ಮಟ್ಟ ನೋಡುವ ಮೊಳೆಗೆ ಮೆತ್ತಿಕೊಂಡು ಒಣಗಿತ್ತು. ಅದು ತನ್ನ ಮೈಮೇಲಿನ ಗಂಜಿಯನ್ನೇ ನೀರೆಂದು ತಿಳಿದು ಕೆಂಪು ದೀಪ ಹಚ್ಚಿತ್ತು. ನಾಲ್ವರು ಮೇಧಾವಿಗಳು ಎಂಜಲು ಕೈಯಲ್ಲಿ ಊರು ತಿರುಗಿದ್ದು ಅರ್ಧ ಮುಷ್ಟಿ ಹಿಟ್ಟಿಗಾಗಿ. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು.

ಇನ್ನು ದೂರು ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ ಎಂದುಕೊಂಡು ಮರುದಿನ ಅಂಗಡಿಗೆ ಹೋದೆ. ಸಾಹುಕಾರರು ಫೋನಿನಲ್ಲಿ ಬಂದ ಫೋಟೋ ನೋಡುತ್ತ ಕೂತಿದ್ದರು. "ಭಾಳ ಖುಷಿಯಾಗ್ಯಾರಲೇ! ಇಷ್ಟು ಕಲತವರು ಎರಡೂ ಕೈ ಎತ್ತಿ ಜೈಕಾರ ಹಾಕ್ಯಾರ. ಇದನ್ನ ದೊಡ್ಡದು ಮಾಡಿಸಿ ಅಂಗಡ್ಯಾಗ ಹಾಕೂಣು!"

ಬಂದವರಿಗೆ ನೀರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚರಗಿ ನೀರು. ಕೈಕಾಲು ಮುಖ ತೊಳೆದ ಮೇಲೆಯೇ ಮಾತು. ಇದು ಒಳ್ಳೆಯ ಪದ್ಧತಿ ಎಂದು ನಾನೂ ನಂಬಿದ್ದೆ, ಹುನಗುಂದದ ಹಿರಿಯ ಗಂಡಹೆಂಡಿರು ನಮ್ಮ ಗಾಡಿ ಹತ್ತುವವರೆಗೆ.

ಅವರು ಐಹೊಳೆಗೆ ಹೊರಟವರು. ದಾರಿಯಲ್ಲಿ ಅಮೀನಗಡದಲ್ಲಿ ಕರದಂಟು ಕೊಳ್ಳಲೆಂದು ಗಾಡಿ ನಿಲ್ಲಿಸಿದೆವು. ಅಮೀನಗಡದಲ್ಲಿ ಅವರ ಬೀಗರಿದ್ದರು. ಯಜಮಾನರು ಫೋನು ಮಾಡಿ "ನಾವು ನಮ್ಮ ಮನ್ಯಾಗ ಅದೇವಿ, ಬರ್ರಿ" ಎಂದರು. ಬೀಗರು ಬಂದರು, ಬೀಗರ ನೆಂಟರು ಬಂದರು, ನೆಂಟರ ನೆರೆಯವರೂ ಬಂದರು. ಯಜಮಾನರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ, "ಬರ್ರಿ, ಮೊದಲ ಕಾಲಿಗಿ ನೀರು ತಗೋರಿ" ಎಂದು ನೇರ ಬಚ್ಚಲಿಗೆ ಕರೆದೊಯ್ದರು.

ಒಳ್ಳೆಯ ನೀರಿನ ದೀಪ ಒಂದೊಂದೇ ಇಳಿಯತೊಡಗಿತು. ನಾನು ಮೆಲ್ಲಗೆ ಚರಗಿಯನ್ನು ಸೀಟಿನ ಕೆಳಗೆ ಬಚ್ಚಿಟ್ಟೆ. ಯಜಮಾನರು ಸುತ್ತ ನೋಡಿ, "ಚರಗಿ ಇಲ್ಲದಿದ್ರ ಏನಾತು, ಪಾತೇಲಿ ಐತಲ್ಲ" ಎಂದು ದೊಡ್ಡ ಪಾತ್ರೆಯನ್ನೇ ಎತ್ತಿಕೊಂಡರು. ಚರಗಿಯಾದರೂ ಸಣ್ಣದಿತ್ತಲ್ಲ ಎಂದು ಹಳಹಳಿಸಿದೆ. ಕೊನೆಗೆ ಬಾಗಿಲಿಗೆ ಅಡ್ಡ ನಿಂತು ಹೇಳಿಬಿಟ್ಟೆ, "ನೀರು ಮುಗದೈತ್ರಿ!"

ಬೀಗರ ಮುಖ ಕಪ್ಪಿಟ್ಟಿತು. "ನಮ್ಮ ಊರಾಗ ಬಂದು ನಿಂತ ಗಾಡ್ಯಾಗ ನೀರು ಮುಗೀತು ಅಂದ್ರ ನಾಳಿ ನಾಲ್ಕು ಮಂದಿ ಏನಂತಾರ?" ಎಂದವರೇ ತಿರುಗಿ ನಡೆದರು. ಹತ್ತೇ ನಿಮಿಷದಲ್ಲಿ ಓಣಿಯಿಂದ ಓಣಿಗೆ ಸುದ್ದಿ ಹೋಗಿ ಕೊಡಗಳ ಮೆರವಣಿಗೆಯೇ ಬಂತು. ಒಬ್ಬರಾದ ಮೇಲೆ ಒಬ್ಬರು ಟಾಕಿಗೆ ಸುರಿದರು. ಒಳ್ಳೆಯ ನೀರಿನ ದೀಪ ಮತ್ತೆ ಹಸಿರಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಊರು, ಎಂಥ ಜನ!

ಯಜಮಾನರ ಕಣ್ಣಲ್ಲೂ ನೀರು ಬಂದಿತ್ತು. ಅವರು ಬಾಗಿಲಿಗೆ ಬಂದು ಕೈಮುಗಿದು, ಕೊಡ ಹೊತ್ತು ತಂದವರಿಗೆಲ್ಲ ಹೇಳಿದರು: "ಬಿಸಿಲಾಗ ನೀರು ಹೊತ್ತು ತಂದೀರಿ, ಹಂಗ ಹೋಗಬ್ಯಾಡ್ರಿ. ಒಳಗ ಬರ್ರಿ, ಕಾಲಿಗಿ ನೀರು ತಗೋರಿ!"

ಎಲ್ಲರ ಕಾಲೂ ತೊಳೆದು ಮುಗಿದಾಗ ಕೆಳಗಿನ ಟಾಕಿ ಕೆಂಪಾಗಿತ್ತು. ಈ ಸಲ ಗಂಜಿಯಲ್ಲ, ಖರೆಯ ಕೆಂಪು. ಇನ್ನೊಂದು ಜೋಡಿ ಕಾಲು ಬಂದಿದ್ದರೆ ಬಚ್ಚಲ ಮೋರಿಯಿಂದ ವಾಪಸು ಉಕ್ಕುತ್ತಿತ್ತು. ಐಹೊಳೆ ಬಿಟ್ಟು ನೇರ ಖಾಲಿ ಮಾಡುವ ಜಾಗಕ್ಕೆ ಗಾಡಿ ತಿರುಗಿಸಿದೆ. ಪ್ರತಿ ತಗ್ಗಿಗೂ ಕೆಳಗೆ ಗುಳುಂ ಎನ್ನುವ ಸದ್ದು, ಪ್ರತಿ ಸದ್ದಿಗೂ ನನ್ನ ಎದೆ ಧಸಕ್. ಹಿಂದಿನಿಂದ ಯಜಮಾನರ ಹೆಂಡತಿ ನನ್ನನ್ನು ಬಹಳ ಹೊತ್ತು ಕನಿಕರದಿಂದ ನೋಡಿ ಕೇಳಿದರು: "ಯಾವ ಊರಪಾ ನಿಂದು?"

"ಇಳಕಲ್ರಿ ಅಮ್ಮಾರ."

"ಪಾಪ! ಇಳಕಲ್ಲಿಗಿ ಇನ್ನೂ ನಳಾ ಬಂದಿಲ್ಲೇನು?"

ಸಣ್ಣ ಟಾಕಿಯ ಅವಮಾನ

ಇದು ಮೂರನೆಯ ಟಾಕಿಯ ವಿಷಯ, ಊಟದ ಹೊತ್ತಿಗೆ ಓದುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ನಮ್ಮಲ್ಲಿ ಯಾರ ಮನೆಗಾದರೂ ಹೋಗಿ ನೀರು ಕೇಳಬಹುದು, ಮಜ್ಜಿಗೆ ಕೇಳಬಹುದು, ಮಳೆ ಬಂದರೆ ರಾತ್ರಿ ತಂಗಲು ಜಾಗ ಕೇಳಬಹುದು. ಆದರೆ "ನಮ್ಮ ಗಾಡಿಯ ಸಂಡಾಸಿನ ಟಾಕಿಯನ್ನು ನಿಮ್ಮಲ್ಲಿ ಖಾಲಿ ಮಾಡಲೇ?" ಎಂದು ಯಾವ ಬಾಯಿಂದ ಕೇಳುವುದು? ಬಾಗಲಕೋಟೆಯಲ್ಲಿ ಪರಿಚಯದ ಒಂದು ಲಾಡ್ಜಿತ್ತು, ಅದರ ದೊಡ್ಡ ಗುಂಡಿಗೆ ಬಿಡುತ್ತಿದ್ದೆವು. ಒಂದು ದಿನ ಹೋದರೆ ಅವರ ಗುಂಡಿಯೇ ರಿಪೇರಿ. ನನ್ನ ಗಾಡಿಯಲ್ಲಿ ದೀಪ ಕೆಂಪು. ಗಾಡಿ ಬಾಡಿಗೆಗೆ ಹಿಡಿದ ಕುಟುಂಬ ಪೇಟೆಗೆ ಹೋಗಿದೆ, ಐದು ಮಕ್ಕಳು, ಐವರೂ ಬೆಳಗಿನಿಂದ ಕಬ್ಬಿನ ಹಾಲು ಕುಡಿದಿದ್ದಾರೆ. ಅವರು ವಾಪಸು ಬರುವುದರೊಳಗೆ ಏನಾದರೂ ಆಗಲೇಬೇಕು.

ಲಾಡ್ಜಿನವರು ಕನಿಕರಿಸಿ ಗುಂಡಿ ಬಳಿಯುವ ಗಾಡಿಯವನಿಗೆ ಫೋನು ಮಾಡಿದರು. ಆನೆಯಂಥ ಟ್ಯಾಂಕರು ಬಂತು. ಅದರ ಡ್ರೈವರ್ ಇಳಿದು ಮೀಸೆ ತಿರುವಿ, ದಪ್ಪ ಪೈಪು ಬಿಚ್ಚಿ, "ಗುಂಡಿ ಎಲ್ಲೈತಿ?" ಎಂದ. ನಾನು ಗಾಡಿಯ ಕೆಳಗೆ ಬೆರಳು ತೋರಿಸಿದೆ. ಅವನು ಬಗ್ಗಿ ನೋಡಿದ, ಎದ್ದು ನನ್ನನ್ನು ನೋಡಿದ, ಮತ್ತೆ ಬಗ್ಗಿ ನೋಡಿದ.

"ಇದಾ?"

"ಹೌದ್ರಿ."

"ಇದಕ್ಕ ನನ್ನ ಕರಸಿದ್ರಿ? ಹಾಸ್ಟೆಲ್ ಗುಂಡಿ ಬಳದಾಂವ ನಾ. ಕಲ್ಯಾಣ ಮಂಟಪದ್ದು ಬಳದಾಂವ. ನಾಲ್ಕು ಮಂದಿ ನೋಡಿದ್ರ ನನ್ನ ಮರ್ಯಾದಿ ಏನಾಗಬೇಕು? ಹೋಗ್ರಿ, ಇನ್ನೊಂದು ನಾಲ್ಕು ಮದುವಿ ಮಾಡಿ ತುಂಬಿಸ್ಕೊಂಡು ಬರ್ರಿ."

ಪೈಪು ಸುತ್ತತೊಡಗಿದ. ನಾನು ಪೈಪಿನ ಇನ್ನೊಂದು ತುದಿ ಹಿಡಿದು ನಿಂತೆ. ಹೆಂಡತಿ ಮಾತ್ರ ನಿಧಾನವಾಗಿ ಚಹಾ ಮಾಡಿ ತಂದು ಅವನ ಕೈಗಿಟ್ಟಳು. ನಮ್ಮ ಕಡೆ ಚಹಾ ಬಂದ ಮೇಲೆ ಯಾರೂ ಎದ್ದು ಹೋಗುವುದಿಲ್ಲ. ಅವನು ಕೂತು ತಾನು ಬಳಿದ ಗುಂಡಿಗಳ ಕಥೆ ತೆಗೆದ. ಯಾವ ಊರಿನ ಗುಂಡಿ ಎಷ್ಟು ಆಳ, ಯಾವುದರಲ್ಲಿ ಯಾರ ಚಪ್ಪಲಿ ಸಿಕ್ಕಿತು, ಎಲ್ಲವನ್ನೂ ಹೇಳಿದ. ಆ ಕಥೆಗಳ ನಡುವೆ ಚಹಾ ಹೇಗೆ ಕುಡಿದನೋ ದೇವರೇ ಬಲ್ಲ. ನನ್ನ ಕಣ್ಣು ಪೇಟೆಯ ರಸ್ತೆಯ ಮೇಲೆಯೇ ಇತ್ತು. ದೂರದಲ್ಲಿ ಐದು ಮಕ್ಕಳು ಕಾಣಿಸಿದರು. ನಾಲ್ವರು ಓಡುತ್ತಿದ್ದರು, ಒಬ್ಬ ಓಡಲಾರದೆ ಕಾಲು ಹೆಣೆದುಕೊಂಡು ಬರುತ್ತಿದ್ದ.

ಆಗ ಹೆಂಡತಿ ಮೆಲ್ಲಗೆ ಹೇಳಿದಳು: "ಅಣ್ಣಾರ, ದೊಡ್ಡ ಗುಂಡಿ ಯಾರರ ಬಳೀತಾರ. ಇಂಥಾ ನಾಜೂಕ ಟಾಕಿ ಒಂದು ಹನಿ ಚೆಲ್ಲದಂಗ ಬಳಿಯಾಂವ ಬಾಗಲಕೋಟ್ಯಾಗ ಇಲ್ಲಾಂತ 'ಹುಬ್ಬಳ್ಳಿಗಿ ಒಯ್ರಿ' ಅಂದ್ರು ನೋಡ್ರಿ."

"ಯಾಂವ ಅಂದಾಂವ?" ಎಂದು ಅವನು ಕಪ್ಪು ಕೆಳಗಿಟ್ಟು ಎದ್ದ. ಪೈಪು ಹಚ್ಚಿದ, ಸ್ವಿಚ್ ಒತ್ತಿದ. ಸುರ್ ಎಂದಿತು, ಮುಗಿಯಿತು. ಮಕ್ಕಳು ಬಂದು ಬಾಗಿಲಿಗೆ ಮುತ್ತಿಗೆ ಹಾಕುವಾಗ ದೀಪ ಹಸಿರಾಗಿತ್ತು. ನಾನು ಅವನ ಕೈ ಹಿಡಿದು "ದೇವರು ಬಂದಂಗ ಬಂದ್ರಿ" ಎಂದೆ. ಅವನು ತನ್ನ ಟ್ಯಾಂಕರಿನ ಬೆನ್ನು ತಟ್ಟಿ ಬೇಸರದಿಂದ ಹೇಳಿದ:

"ಏನ್ ಬಂದ್ವಿರೀ, ನನ್ನ ಗಾಡಿಗಿ ಹಲ್ಲಿನ ಸಂದಿಗೂ ಸಾಲಲಿಲ್ಲ."

ನಿನ್ನೆಯ ನೀರು

ಕೊನೆಗೂ ಅವ್ವ ಒಪ್ಪಿಕೊಂಡರು. ಅಂಗಡಿಯ ಗೋಡೆಯ ಮೇಲೆ ಕೈ ಎತ್ತಿ ನಿಂತ ಪ್ರಾಧ್ಯಾಪಕರನ್ನು ನೋಡಿ, "ಇಷ್ಟು ಶಾಣ್ಯಾ ಮಂದಿ ಕುಣದಾರ ಅಂದ್ರ ಗಾಡ್ಯಾಗ ಏನೋ ಸತ್ವ ಐತಿ" ಎಂದರಂತೆ. ಕೂಡಲಸಂಗಮಕ್ಕೆ ಹೋಗಿ, ಪಟ್ಟದಕಲ್ಲು ನೋಡಿ, ಬಾದಾಮಿಯ ಹತ್ತಿರ ಒಂದು ವಸ್ತಿ. ಗಾಡಿಯಲ್ಲಿ ಅವ್ವ, ಸಾಹುಕಾರರು, ನಾವಿಬ್ಬರು, ಇಷ್ಟೇ ಜನ.

ಸಾಹುಕಾರರು ನನ್ನನ್ನು ಬದಿಗೆ ಕರೆದರು. "ಗೊತ್ತೈತಿಲ್ಲ? ಇವತ್ತೇನರ ಉಕ್ಕಿದ್ರ ಮುಗೀತು."

ಗೊತ್ತಿಲ್ಲದೆ ಏನು? ಹಿಂದಿನ ದಿನವೇ ಕೆಳಗಿನ ಎರಡೂ ಟಾಕಿಗಳನ್ನು ತೊಳೆದು ಖಾಲಿ ಮಾಡಿದ್ದೆ. ಒಳ್ಳೆಯ ನೀರನ್ನು ಹೊರಡುವ ಮೊದಲು ಇಳಕಲ್ಲಿನಲ್ಲೇ ಬಾಯಿಮಟ ತುಂಬಿಸಿದ್ದೆ. ಹೆಂಡತಿ ನನ್ನನ್ನು ನೋಡಿ ನಗುತ್ತಿದ್ದಳು, ಆದರೆ ಅವಳೂ ಸಾಮಾನು ತೊಳೆಯುವಾಗ ನೀರನ್ನು ತುಪ್ಪದ ಹಾಗೆ ಬಡಿಸುತ್ತಿದ್ದಳು. ಈ ಗಾಡಿ ಹೋದರೆ ನಾನು ಮತ್ತೆ ಲಾರಿ, ಅವಳು ಮತ್ತೆ ಹೋಳಿಗೆಯ ಡಬ್ಬಿ.

ಮೊದಲ ದಿನ ಎಲ್ಲ ಸುಸೂತ್ರವಾಯಿತು. ಬಾದಾಮಿಯ ಹೊರಗೆ ಸಾಹುಕಾರರ ಪರಿಚಯದ ಚಾಚಾ ಒಬ್ಬರ ಹೊಲದಲ್ಲಿ ಗಾಡಿ ನಿಲ್ಲಿಸಿದೆವು. ಅವ್ವ ತಮ್ಮ ಕೈಯಾರೆ ಕಡಲೆಹಿಟ್ಟಿನ ಝುಣಕ ಮಾಡಿ ಎಲ್ಲರಿಗೂ ಬಡಿಸಿದರು. ಬೆಳಿಗ್ಗೆ ಎದ್ದು ನೋಡಿದೆ, ಒಳ್ಳೆಯ ನೀರು ಇನ್ನೂ ಮುಕ್ಕಾಲು ಟಾಕಿ, ಕೆಳಗಿನ ದೀಪಗಳು ಹಸಿರು. ಎಷ್ಟೋ ದಿನಗಳ ಮೇಲೆ ನನಗೆ ಹಸಿವೆಯಾಯಿತು. ನಿಶ್ಚಿಂತೆಯಿಂದ ಚಾಚಾರ ಜೊತೆ ಬೋರವೆಲ್ಲಿನ ಕಡೆ ಹೋಗಿ ಕೂತೆ.

ಅತ್ತ ಗಾಡಿಯಲ್ಲಿ ನಡೆದದ್ದು ಆಮೇಲೆ ಹೆಂಡತಿ ಹೇಳಿದ್ದು. ಸಾಹುಕಾರರು ಸ್ನಾನಕ್ಕೆಂದು ಬಚ್ಚಲು ಹೊಕ್ಕರು. ಅವ್ವ ಪೂಜೆಗೆ ಅಣಿಯಾಗುತ್ತ ನನ್ನ ಹೆಂಡತಿಯನ್ನು ಕೇಳಿದರು: "ತಂಗಿ, ಈ ನೀರು ಯಾವಾಗಿಂದು?"

ಪಾಪ, ಅವಳು ಅಭಿಮಾನದಿಂದಲೇ ಹೇಳಿದಳು: "ನಿನ್ನಿ ಇಳಕಲ್ಲಾಗ ತುಂಬಿದ್ದುರಿ ಅವ್ವಾರ. ಇನ್ನೂ ಭಾಳ ಐತ್ರಿ."

ಅವ್ವ ನಲ್ಲಿಯ ಕಡೆ ಒಮ್ಮೆ ನೋಡಿದರು. "ಹೊಲದಾಗ ದಾಸಾಳ ಗಿಡಾ ಐತಿ, ನಾಲ್ಕು ಹೂ ಹರಕೊಂಡು ಬಾ" ಎಂದು ಅವಳನ್ನು ಕಳಿಸಿದರು.

ಅವ್ವ ಸೊಸೆಯಾಗಿ ಬಂದ ದಿನದಿಂದ ಅವರ ಮನೆಯಲ್ಲಿ ಒಂದು ರೂಢಿ. ಬೆಳಿಗ್ಗೆ ನಳ ಬಂದ ಕೂಡಲೇ ನಿನ್ನೆ ತುಂಬಿಟ್ಟ ಕೊಡ, ಹಂಡೆ, ಬಕೇಟುಗಳ ನೀರನ್ನೆಲ್ಲ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ಹಿಡಿಯಬೇಕು. ನಿನ್ನೆಯ ನೀರು ಎಂದರೆ ತಂಗಳು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ ಇದೆ, ನನ್ನ ಅವ್ವನೂ ಮಾಡುತ್ತಿದ್ದಳು. ಅಡುಗೆ ಕಟ್ಟೆಯ ನಲ್ಲಿಯನ್ನು ಅವ್ವ ಪೂರ್ತಿ ತಿರುವಿ ಬಿಟ್ಟರು. "ಟಾಕಿ ಬಾಯಿ ಸಣ್ಣದು, ಹೊತ್ತು ಹಿಡೀತೈತಿ" ಎಂದುಕೊಂಡು ಕೂತು ಬತ್ತಿ ಹೊಸೆಯತೊಡಗಿದರು.

ಒಳ್ಳೆಯ ನೀರು ಇಳಿಯಿತು. ಇಳಿದದ್ದೆಲ್ಲ ಕೆಳಗೆ ತುಂಬಿತು. ಗಾಡಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಮೋರಿ ಯಾವುದು? ಬಚ್ಚಲಿನದು. ಅಲ್ಲಿ ಸಾಹುಕಾರರು ತಲೆಯಿಂದ ಪಾದದವರೆಗೆ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಮೇಲಿನಿಂದ ಬರುವ ನೀರು ನಿಂತಿತು. ಕೆಳಗಿನಿಂದ ನೀರು ಬರತೊಡಗಿತು. ಬರಿಯ ನೀರಲ್ಲ, ನಿನ್ನೆಯ ಝುಣಕದ ಪಾತ್ರೆ ತೊಳೆದದ್ದು, ಚಹಾಪುಡಿ, ಸಾಸಿವೆ, ಕರಿಬೇವು.

"ಲೇ ಡ್ರೈವರಾ!" ಎಂಬ ಕೂಗಿಗೆ ಬೋರವೆಲ್ಲಿನ ಮೇಲಿದ್ದ ಕಾಗೆಗಳು ಹಾರಿದವು. ನಾನು ಓಡಿದೆ, ಹಿಂದೆ ಚಾಚಾ ಓಡಿದರು, ಅತ್ತಲಿಂದ ಹೆಂಡತಿ ಉಡಿಯಲ್ಲಿ ಹೂ ಹಿಡಿದು ಓಡಿಬಂದಳು. ಬಚ್ಚಲ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡ ಸಾಹುಕಾರರು ಹತ್ತಿಯ ಮೂಟೆಯಂತೆ ನಿಂತಿದ್ದರು. ನೊರೆಯೊಳಗೆ ಮುಖ ಎಲ್ಲಿದೆ ಎಂದು ತಿಳಿಯಲಿಲ್ಲ. ಪಾದದ ಮೇಲೆ ಕರಿಬೇವಿನ ಎಲೆ ಅಂಟಿತ್ತು. ನೀರು ಹೊಸ್ತಿಲು ದಾಟಿ ಗಾಡಿಯ ಮೆಟ್ಟಿಲಿಳಿಯುತ್ತಿತ್ತು.

"ಯಾರು ನಳಾ ಬಿಟ್ಟಾರ?"

ಕಟ್ಟೆಯ ಮೇಲಿನ ನಲ್ಲಿ ಇನ್ನೂ ಬಾಯಿ ತೆರೆದುಕೊಂಡು ಬುಸುಗುಡುತ್ತಿತ್ತು. ಅದರ ಮುಂದೆ ಅವ್ವ ಬತ್ತಿ ಹೊಸೆಯುತ್ತಿದ್ದರು. ನನಗೆ ಎಲ್ಲ ಗೊತ್ತಾಯಿತು. ಆದರೆ ಅವ್ವನ ಹೆಸರು ಹೇಳುವುದುಂಟೆ?

"ನಾನ್ರಿ" ಎಂದೆ. ಅದೇ ಕ್ಷಣ ಹೆಂಡತಿಯೂ "ನಾನ್ರಿ" ಎಂದಳು.

"ಇಬ್ಬರೂ ಕೂಡಿ ಬಿಟ್ರೇನು? ಆತು, ಇವತ್ತಿಗಿ ಮುಗೀತು. ಊರಿಗಿ ಹೋದ ಕೂಡಲೆ ಈ ಬಚ್ಚಲಾ ಕೀಳಸ್ತೇನಿ. ಸೀರಿ ಗಾಡಿ! ನೀ ಲಾರಿ ಹತ್ತು!"

ಹೆಂಡತಿಯ ಉಡಿಯಿಂದ ಒಂದು ಹೂ ಕೆಳಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ನನಗೆ ಅಳು ಬಂತು, ಅದನ್ನು ಹೇಳಲು ಸಂಕೋಚವಿಲ್ಲ. ಇಷ್ಟು ದಿನ ಹನಿ ಹನಿಗೂ ಹೆದರಿ ಕಾಯ್ದದ್ದೆಲ್ಲ ಒಂದು ಬೆಳಗಿನಲ್ಲಿ ಹರಿದುಹೋಯಿತಲ್ಲ ಎನಿಸಿತು.

ಆಗ ಅವ್ವ ತಲೆ ಎತ್ತಿದರು. "ಅವರ್ಯಾಕ ಬಿಡ್ತಾರ? ನಾ ಬಿಟ್ಟೇನಿ."

"ನೀನಾ? ಯಾಕವ್ವಾ?"

"ನಿನ್ನಿ ನೀರಂತ. ನಿನ್ನಿ ನೀರ್ಲೆ ಪೂಜಿ ಮಾಡ್ಲೇನು?"

"ಅದಕ್ಕ ಟಾಕಿ ಪೂರಾ ಬಿಡೂದಾ?"

"ಮತ್ತ? ಅರ್ಧಾ ಚೆಲ್ಲಿ ಅರ್ಧಾ ಇಟ್ಕೊಂಡ್ರ ಉಳದದ್ದು ಇವತ್ತಿಂದು ಆಗತೈತೇನು?"

ಸಾಹುಕಾರರ ನೊರೆಯೊಳಗಿಂದ ದೀನ ಸ್ವರ ಬಂತು. "ಗಾಡಿ ಹೊಲಸಾತಲ್ಲವ್ವಾ. ಇನ್ನ ನೀ ಹತ್ತಂಗಿಲ್ಲ. ಇದನ್ನಿಟ್ಕೊಂಡು ನಾ ಏನ್ ಮಾಡ್ಲಿ?"

"ಹತ್ತಂಗಿಲ್ಲಾಂತ ಯಾರಂದ್ರು? ಮೋರಿ ಅಂದ ಮ್ಯಾಲ ಒಮ್ಮೆ ಕಟ್ಟತೈತಿ. ನಿನ್ನ ಲಗ್ನದ ದಿನಾ ಬಚ್ಚಲಾ ತುಂಬಿ ಪಡಸಾಲಿಗಿ ಬಂದಿತ್ತು. ಮನಿ ಮಾರಿದ್ವೇನು? ನಿನ್ನ ಹೆಂಡ್ತಿನ್ನ ಹೊಳ್ಳಿ ಕಳಿಸಿದ್ವೇನು?"

ಸಾಹುಕಾರರ ಕಣ್ಣಿಗೆ ಸಾಬೂನು ಇಳಿದಿತ್ತು. "ಕಣ್ಣು ಉರಿಯಾಕತ್ತಾವವ್ವಾ" ಎಂದರು.

"ಬಾ ಹೊರಗ."

ಅಷ್ಟರಲ್ಲಿ ಚಾಚಾರ ಹೆಂಡತಿ ಎರಡು ಕೊಡ ನೀರು ತಂದಿಳಿಸಿದ್ದರು. ಅವ್ವ ಬೆರಳದ್ದಿ ನೋಡಿ ಕೇಳಿದರು, "ಯಾವಾಗಿಂದವಾ ಇದು?"

"ಈಗ ಹಿಡಕೊಂಡು ಬಂದೇನ್ರಿ, ಬೋರಿಂದು."

"ಹಾಂ, ಇದು ನೀರು!" ಎಂದು ಅವ್ವ ಮೊದಲು ಪೂಜೆಗೆ ಒಂದು ಚರಗಿ ತೆಗೆದಿಟ್ಟರು. ಆಮೇಲೆ ಸೆರಗು ಸಿಕ್ಕಿಸಿ, ಹೊಲದ ಬದುವಿನ ಮೇಲಿದ್ದ ಒಂದು ಹಾಸುಗಲ್ಲು ತೋರಿಸಿ ಮಗನಿಗೆ ಹೇಳಿದರು, "ಕೂಡು."

ಇಳಕಲ್ಲಿನ ಅಷ್ಟು ದೊಡ್ಡ ಸೀರೆ ಅಂಗಡಿಯ ಸಾಹುಕಾರರು, ನೆರೆತ ಮೀಸೆಯವರು, ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಅವ್ವ ಚರಗಿಯಿಂದ ಎರೆದರು, ತಲೆ ತಿಕ್ಕಿದರು, ಕುತ್ತಿಗೆ ತಿಕ್ಕಿದರು. ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಸಾಲಾಗಿ ಎದ್ದು ನಿಂತರು. "ಯವ್ವಾ, ಅವ್ರು ಸೀರಿ ಅಂಗಡಿ ಸಾವ್ಕಾರ್ರಲ್ಲನ?" ಎಂದಳು ಒಬ್ಬಳು. ಅವ್ವನಿಗೆ ಅದರ ಪರಿವೆಯೇ ಇಲ್ಲ. "ಕಿವಿ ಹಿಂದ ನೋಡು, ಎಷ್ಟು ಕೊಳಿ! ಸೊಸಿ ಇದನ್ನೆಲ್ಲಾ ನೋಡಂಗಿಲ್ಲೇನು? ತಲಿ ಬಗ್ಗಸು. ಅಲಗಾಡಬ್ಯಾಡ."

ಸಾಹುಕಾರರು ಅಲುಗಾಡಲಿಲ್ಲ. ನೊರೆ ಹೋಗಿ ಎಷ್ಟೋ ಹೊತ್ತಾಗಿತ್ತು, ಕಣ್ಣು ಮಾತ್ರ ತೆರೆದಿರಲಿಲ್ಲ. ಎರಡನೆಯ ಕೊಡ ಮುಗಿಯುತ್ತ ಬಂದಾಗ ಮೆಲ್ಲಗೆ, "ಇನ್ನೊಂದು ಚರಗಿ ಹಾಕವ್ವಾ" ಎಂದದ್ದು ನನಗೆ ಕೇಳಿಸಿತು.

ಪೂಜೆಯಾಯಿತು, ಊಟವಾಯಿತು. ನಾನೂ ಹೆಂಡತಿಯೂ ಗಾಡಿ ಒರೆಸಿ, ಬಳಸಿದ ನೀರನ್ನು ಚಾಚಾ ತೋರಿಸಿದ ಗುಂಡಿಗೆ ಬಿಟ್ಟು, ಇಳಕಲ್ಲಿನ ದಾರಿ ಹಿಡಿದೆವು. ಸೀರೆ ಗಾಡಿಯ ಮಾತನ್ನು ಸಾಹುಕಾರರು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ. ಹಿಂದೆ ಅವ್ವನಿಗೆ ನಿದ್ದೆ ಹತ್ತಿತ್ತು, ಅವರ ಕಾಲ ಬಳಿ ಹೆಂಡತಿ ಕೂತಿದ್ದಳು. ಹುನಗುಂದ ಸಮೀಪಿಸಿದಾಗ ಸಾಹುಕಾರರು ಎದ್ದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಮುಂದಿನ ತಿಂಗಳ ಬನಶಂಕರಿಗಿ ಹೋಗೂಣು ಅಂದಾಳ ಅವ್ವ" ಎಂದರು.

"ಆಗಲಿರಿ... ಯಾವ ಗಾಡ್ಯಾಗ್ರಿ?"

"ಇದರಾಗ. ಮತ್ತ್ಯಾವುದರಾಗ? ನೀನೂ ತಂಗಿನೂ ಬರ್ಬೇಕು."

ಹಿಂದಿನಿಂದ ಹೆಂಡತಿಯ ಬಳೆಗಳ ಸದ್ದು ಕೇಳಿಸಿತು, ಅವಳು ಕಣ್ಣೊರೆಸಿಕೊಂಡಿರಬೇಕು. ನಾನು, "ಹೆದರಬ್ಯಾಡ್ರಿ ಸಾವ್ಕಾರ್ರ. ಈ ಸಲ ಮೂರು ಕಡೆ ನಿಲ್ಲಿಸಿ ಹೊಸಾ ನೀರು ತುಂಬಸ್ತೇನಿ. ಸ್ನಾನದಾಗ ಒಂದು ಹನಿ ಕಡಿಮಿ ಬೀಳಾಕ ಬಿಡಂಗಿಲ್ಲ" ಎಂದೆ.

ಸಾಹುಕಾರರು ಹಿಂದೆ ತಿರುಗಿ ಅವ್ವನಿಗೆ ಖರೆಯೇ ನಿದ್ದೆ ಹತ್ತಿದೆಯೇ ಎಂದು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

"ಅಷ್ಟೆಲ್ಲಾ ತುಂಬಸಬ್ಯಾಡೋ. ನಾ ಸಾಬೂನು ಹಚ್ಕೊಳ್ಳೂಮಟಾ ಬಂದ್ರ ಸಾಕು."